ಅದಕ್ಕೇನಪ್ಪನವರ ಬೈರಿಗೆ ಯಂತ್ರ

ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾರು ಏನು ಕೇಳಿದರೂ "ಅದಕ್ಕೇನು" ಎಂದು ಒಪ್ಪಿಕೊಂಡುಬಿಡುವ ಅಭ್ಯಾಸ ಎಳವೆಯಿಂದ ಅಂಟಿಕೊಂಡಿದ್ದರಿಂದ ಬೀದಿಯವರು ಆ ಮಾತಿನ ತುದಿಗೆ ಒಂದು ಅಪ್ಪ ಸೇರಿಸಿ ಅದಕ್ಕೇನಪ್ಪ ಎಂದು ಕರೆದರು. ಗೋಡೆಗೆ ಸುಣ್ಣ ಬಳಿಯಲು ಬರುತ್ತದೆಯೇ ಎಂದರೆ ಅದಕ್ಕೇನು. ಕೊಳಲು ನುಡಿಸಲು ಬರುತ್ತದೆಯೇ ಎಂದರೂ ಅದಕ್ಕೇನು. ಅವರು ಸುಣ್ಣ ಬಳಿದ ಗೋಡೆಯನ್ನು ಆಮೇಲೆ ಬೇರೆಯವರು ಬಂದು ಸರಿಮಾಡಿದರು. ಕೊಳಲನ್ನು ದೇವರ ದಯೆಯಿಂದ ಯಾರೂ ತಂದುಕೊಡಲಿಲ್ಲ. ಕೆಲವರಿಗೆ ಭಗವಂತ ಕೈಗಿಂತ ಮೊದಲು ನಾಲಿಗೆಯನ್ನು ಮಾಡಿ ಮುಗಿಸಿರುತ್ತಾನೆ. ಅಂಥವರ ಮೇಲೆ ಅವನ ಕಣ್ಣು ಸ್ವಲ್ಪ ಹೆಚ್ಚಾಗಿಯೇ ಇರುತ್ತದೆಂದು ನಾವು ನಂಬಬೇಕು.

ಕೈಗೆ ಏನೂ ಬರುತ್ತಿರಲಿಲ್ಲವೆಂದಲ್ಲ. ಅವರು ದೊಡ್ಡ ಗ್ರಂಥಾಲಯದಲ್ಲಿ ಕೆಲಸಮಾಡಿ ನಿವೃತ್ತರಾದವರು. ಶಾಖೆಗಳಿಗೆ ಹೋಗುವ ಪುಸ್ತಕಗಳನ್ನು ಕಾಗದದಲ್ಲಿ ಸುತ್ತಿ ದಾರದಿಂದ ಕಟ್ಟುವುದು ಅವರ ಕೆಲಸ. ಸಡಿಲವಾದ ದಾರ ಕಂಡರೆ ಅವರ ಬೆರಳು ಸುಮ್ಮನಿರದು. ಒಂದರ ಮೇಲೊಂದು ಅಡ್ಡ ದಾಟಿಸಿ ಬಿಗಿದುಬಿಡುವರು. ಅವರು ಕಟ್ಟಿದ ಕಟ್ಟನ್ನು ಬಿಚ್ಚಲು ಶಾಖೆಯವರು ಕತ್ತರಿ ಹುಡುಕುತ್ತಿದ್ದರು. ಈ ಒಂದು ವಿದ್ಯೆಯೇ ಮುಂದೆ ಅವರನ್ನು ಪೇಚಿಗೆ ಸಿಕ್ಕಿಸಿತು.

ಅವರ ಅಣ್ಣ ಕನ್ನಡಕ ರಿಪೇರಿ ಮಾಡುತ್ತಿದ್ದವರು. ಬೀದಿಯ ತಿರುವಿನಲ್ಲಿ ಒಂದು ಕಿರುಕೋಣೆಯ ಅಂಗಡಿ. ಮುಂದೆ ಬೆಂಚು, ಒಳಗೆ ಮೇಜು, ಮೇಜಿನ ಮೇಲೆ ಹಳೆಯ ಕಾಲದ ಒಂದು ಪುಟ್ಟ ಬೈರಿಗೆ ಯಂತ್ರ. ಅದು ಮೊಣಕೈ ಎತ್ತರವೂ ಇರಲಿಲ್ಲ. ಬೂದುಹಸಿರು ಬಣ್ಣ ಅಲ್ಲಲ್ಲಿ ಉದುರಿತ್ತು. ಹಿಂದೆ ಮೋಟಾರು, ಮುಂದೆ ಸೂಜಿಯಂಥ ಮೊನೆ ಹಿಡಿಯುವ ಬಾಯಿ, ಎರಡರ ನೆತ್ತಿಯ ಮೇಲೂ ಮೆಟ್ಟಿಲು ಮೆಟ್ಟಿಲಾದ ಗಾಲಿ, ಒಂದರಿಂದ ಇನ್ನೊಂದಕ್ಕೆ ಹುರಿಯಂತೆ ದುಂಡಗಿನ ಬೆಲ್ಟು. ಕನ್ನಡಕದ ಕೀಲಿನಲ್ಲಿ ಮುರಿದು ಕೂತ ಸ್ಕ್ರೂವನ್ನು, ಕೀಲಿಗೆ ನೋವಾಗದಂತೆ, ಅದು ಕೊರೆದು ತೆಗೆಯುತ್ತಿತ್ತು. ಅಣ್ಣ ಹಿಡಿದು ಹಿಡಿದು ಅದರ ಹಿಡಿ ಕನ್ನಡಿಯಂತಾಗಿತ್ತು. ಅತ್ತಿಗೆ ಪಕ್ಕದಲ್ಲಿ ಕೂತು ಗಾಜು ಒರೆಸುತ್ತ, ಬಂದವರಿಗೆ ಒಂದೇ ಮಾತು ಹೇಳುತ್ತಿದ್ದರು: "ಕೆಲಸ ನಡೀತಿದೆ, ಸ್ವಲ್ಪ ಕೂತ್ಕೊಳ್ಳಿ."

ಅಣ್ಣ ತೀರಿಕೊಂಡರು. ಅಂಗಡಿಯ ಕೋಣೆಯನ್ನು ಬಿಟ್ಟುಕೊಟ್ಟದ್ದಾಯಿತು. ಅತ್ತಿಗೆ ಮೈದುನನ ಮಹಡಿ ಮನೆಗೆ ಬಂದರು. ಅವರ ಹಿಂದೆ ಯಂತ್ರವೂ ಬಂತು. ನೋಡಲು ಬೆಕ್ಕಿನಷ್ಟಿದ್ದರೂ ಹೊತ್ತು ತಂದವನು ಪ್ರತಿ ಮೆಟ್ಟಿಲಲ್ಲೂ ನಿಂತು ಇದರೊಳಗೆ ಇನ್ನಾರಾದರೂ ಕೂತಿದ್ದಾರೆಯೇ ಎಂದು ಕೇಳಿದನಂತೆ. ಅದನ್ನು ಕಿಟಕಿಯ ಬಳಿಯ ಮೇಜಿನ ಮೇಲಿಟ್ಟು ಬಟ್ಟೆ ಹೊದಿಸಿದರು.

ಅತ್ತಿಗೆ ಕೆಲವು ದಿನ ಅದನ್ನು ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಮೈದುನನನ್ನು ಕರೆದು, ಲೇತ್ ಅಂಗಡಿಯವನು ಯಂತ್ರ ಕೊಡುತ್ತೀರಾ ಎಂದು ಕೇಳಿ ಕಳಿಸಿದ್ದಾನೆ ಎಂದರು.

"ಕೊಟ್ಟುಬಿಡೋದಾ ಅತ್ತಿಗೆ?" ಎಂದರು ಅದಕ್ಕೇನಪ್ಪ.

"ಬಟ್ಟೆ ಹೊದ್ದು ಮಲಗಿರೋದನ್ನ ನನ್ನಿಂದ ನೋಡೋಕಾಗಲ್ಲ ಕಣೋ. ಅವರು ಇರೋವರೆಗೂ ಅದು ಉಸಿರಾಡಿದ ಹಾಗೆ ಓಡ್ತಿತ್ತು. ಯಾರ ಮನೇಲಾದರೂ ಸರಿ, ಓಡಲಿ." ಅತ್ತಿಗೆ ತಮ್ಮ ಕನ್ನಡಕ ತೆಗೆದು ತೋರಿಸಿದರು. ಕಿವಿಗೆ ಸಿಕ್ಕಿಸುವ ಒಂದು ಕಾಲಿನ ಕೀಲಲ್ಲಿ ಸ್ಕ್ರೂ ಮುರಿದಿತ್ತು. ಕಾಲನ್ನು ದಾರದಲ್ಲಿ ಕಟ್ಟಿದ್ದರು. ಊರಿನವರ ಕನ್ನಡಕವೆಲ್ಲ ಮುಗಿದ ಮೇಲೆ ಇದನ್ನು ನಾಳೆ ಮಾಡಿಕೊಡುತ್ತೇನೆ ಎಂದು ಅಣ್ಣ ಹೇಳಿದ್ದರಂತೆ. ಆ ನಾಳೆ ಬರಲಿಲ್ಲ. ಬೆಳಗಿನ ಪ್ರಾರ್ಥನೆಯ ಪುಸ್ತಕ ಓದುವಾಗ ಅತ್ತಿಗೆ ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಕನ್ನಡಕ ಹಿಡಿಯಬೇಕಾಗುತ್ತಿತ್ತು. ಹಾಳೆ ತಿರುವಲು ದೇವರು ಮೂರನೆಯ ಕೈ ಕೊಟ್ಟಿರಲಿಲ್ಲ. ಬೇರೆ ಅಂಗಡಿಗೆ ಒಯ್ಯಲು ಅವರಿಗೆ ಮನಸ್ಸಿರಲಿಲ್ಲ.

"ನಿನಗೆ ಇದನ್ನ ಓಡಿಸೋಕೆ ಬರುತ್ತಾ? ಈ ಸ್ಕ್ರೂ ತೆಗೆದುಕೊಟ್ಟರೆ ಮಷೀನು ಇಲ್ಲೇ ಇರಲಿ."

ಅದಕ್ಕೇನಪ್ಪನವರು ಜೀವಮಾನದಲ್ಲಿ ಕಾಗದಕ್ಕಲ್ಲದೆ ಬೇರೆ ಯಾವುದಕ್ಕೂ ತೂತು ಮಾಡಿದವರಲ್ಲ. ಆದರೆ ಅಣ್ಣನ ಕೈ ಸವೆಸಿದ ಆ ಹಿಡಿ ಬಟ್ಟೆಯ ಮರೆಯಿಂದ ಮಿಂಚುತ್ತಿತ್ತು. ಅದು ತಳ್ಳುಗಾಡಿಯ ಮೇಲೆ ಹೋಗುವುದನ್ನು ನೆನೆದರು.

"ಅದಕ್ಕೇನು ಅತ್ತಿಗೆ," ಎಂದರು.

ಕೆಲಸ ಶುರುವಾದದ್ದು ಶುಚಿ ಮಾಡುವುದರಿಂದ. ಅದಕ್ಕೇನಪ್ಪ ಯಂತ್ರದ ಬೆಲ್ಟು ಕಳಚಿ, ಗಾಲಿಗಳನ್ನು ಒರೆಸಿ, ಎಣ್ಣೆ ಹಾಕಿ, ಬೆಲ್ಟನ್ನು ಮತ್ತೆ ತೊಡಿಸಲು ಹೋದರು. ಹಳೆಯ ಬೆಲ್ಟು ಜೋಲುತ್ತಿತ್ತು. ಅವರ ಬೆರಳಿಗೆ ಗ್ರಂಥಾಲಯ ನೆನಪಾಯಿತು. ನಡುವೆ ಒಂದು ಸಲ ತಿರುಚಿ ಅಡ್ಡ ದಾಟಿಸಿದರು. ಬೆಲ್ಟು ವೀಣೆಯ ತಂತಿಯ ಹಾಗೆ ಬಿಗಿಯಾಯಿತು. ಅಣ್ಣನಿಗೂ ಇದು ಹೊಳೆದಿರಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದರು.

ಬೆಲ್ಟು ಅಡ್ಡ ದಾಟಿದರೆ ಗಾಲಿ ತಿರುವುಮುರುವಾಗಿ ತಿರುಗುತ್ತದೆ. ತಿರುವುಮುರುವಾಗಿ ತಿರುಗುವ ಮೊನೆ ಲೋಹವನ್ನು ಕೊರೆಯುವುದಿಲ್ಲ, ಬೆನ್ನು ಸವರುತ್ತದೆ. ಇದು ಓದುಗರಿಗೆ ಈಗಲೇ ತಿಳಿದಿರಲಿ. ಅದಕ್ಕೇನಪ್ಪನವರಿಗೆ ತಿಳಿಯಲು ಇನ್ನೂ ಬಹಳ ಹೊತ್ತಿದೆ.

ಹಿತ್ತಾಳೆಯ ಒಂದು ಪಟ್ಟಿ ಇಟ್ಟು ಹಿಡಿ ಇಳಿಸಿದರು. ಯಂತ್ರ ಗುಂಯ್‌ಗುಟ್ಟಿತು, ನಡುನಡುವೆ ಚಟ್ ಚಟ್ ಎಂದಿತು, ಸ್ವಲ್ಪ ಹೊಗೆ ಬಂತು. ಅಡುಗೆಮನೆಯಿಂದ ಹೆಂಡತಿ ಕೇಳಿದರು: "ಏನ್ರೀ, ತೂತು ಬಿತ್ತಾ?"

"ಬೀಳ್ತಾ ಇದೆ."

ಅನ್ನ ಬೆಂದಿತು, ಸಾರು ಕುದಿಯಿತು, ಎಲೆಕೋಸು ಹೆಚ್ಚಿ ಮುಗಿಯಿತು. ತೂತು ಬೀಳುತ್ತಲೇ ಇತ್ತು. ಕೊನೆಗೆ ಪಟ್ಟಿ ತೆಗೆದು ನೋಡಿದರೆ ಅದರ ಮೇಲೆ ಸಾಸಿವೆಯಷ್ಟು ಒಂದು ಗುಳಿ, ಒಡವೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಇಷ್ಟು ನಾಜೂಕಾದ ಯಂತ್ರ ಆತುರಪಡುವುದಿಲ್ಲ ಎಂಬ ತೀರ್ಮಾನಕ್ಕೆ ಅದಕ್ಕೇನಪ್ಪ ಬಂದರು.

ವಿಷಯ ಮನೆಯೊಳಗೇ ಉಳಿದಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಕೆಳಮನೆಯಲ್ಲಿ ಒಬ್ಬ ವಿಮೆ ಏಜೆಂಟರು ಇದ್ದರು. ಬದುಕಿರುವವರಿಗೆ ಸಾವಿನ ಸುದ್ದಿಯನ್ನು ಸಿಹಿಯಾಗಿ ಹೇಳಿ ಹೇಳಿ ಪಳಗಿದ ಬಾಯಿ. ಅವರು ಹೊಸದಾಗಿ ಮಾಡಿಸಿದ ಹಿತ್ತಾಳೆಯ ನಾಮಫಲಕ ಹಿಡಿದು ಮೇಲೆ ಬಂದು, ನಾಲ್ಕು ಮೂಲೆಗೆ ನಾಲ್ಕು ತೂತು ಆದೀತೇ ಎಂದು ಕೇಳಿದರು. ಅದಕ್ಕೇನು ಎಂಬ ಉತ್ತರ ಅವರು ಬಾಗಿಲು ದಾಟುವ ಮೊದಲೇ ಸಿದ್ಧವಾಗಿತ್ತು. ಮಾರನೆಯ ದಿನ ನಾಲ್ಕು ಮೂಲೆಯಲ್ಲೂ ನಾಲ್ಕು ಹೊಳೆಯುವ ಗುಳಿಗಳಿದ್ದ ಫಲಕವನ್ನು ಏಜೆಂಟರು ತಿರುಗಿಸಿ ತಿರುಗಿಸಿ ನೋಡಿದರು.

"ಸಾರ್, ಇದರಲ್ಲಿ ಸ್ಕ್ರೂ ಹೋಗಲ್ಲ."

"ಶುರುವಾಗಿದೆಯಲ್ಲ."

"ಶುರುವಾಗಿದೆ, ಒಪ್ಪಿದೆ. ಆಚೆ ಕಡೆ ಬರಬೇಕಲ್ಲ."

"ಇದು ಪ್ರಿಸಿಷನ್ ಮಷೀನು," ಎಂದರು ಅದಕ್ಕೇನಪ್ಪ ಗಂಭೀರವಾಗಿ. "ಆಚೆ ಕಡೆ ಬರೋದೆಲ್ಲ ಒರಟು ಮಷೀನುಗಳ ಕೆಲಸ. ಇದು ನೆಲದ ಅದುರು ತಾಳಲ್ಲ. ಜನ ಕೆಳಗೆ ದಪದಪ ಓಡಾಡಿದರೆ ಇಲ್ಲಿ ಮೊನೆ ಬೆಚ್ಚುತ್ತೆ."

ಇನ್ನೊಬ್ಬರಾಗಿದ್ದರೆ ನಕ್ಕು ಎದ್ದುಹೋಗುತ್ತಿದ್ದರು. ಏಜೆಂಟರಿಗೆ ಅದು ಸಾಧ್ಯವಿರಲಿಲ್ಲ. ಏಕೆಂದರೆ ನಮ್ಮ ಮಹಡಿಯ ಮೇಲೆ ಎಂಥ ಯಂತ್ರವಿದೆ ಗೊತ್ತೇ ಎಂದು ಅವರು ಹಿಂದಿನ ಸಂಜೆಯೇ ಬೀದಿಯವರ ಮುಂದೆ ಹೊಗಳಿಬಿಟ್ಟಿದ್ದರು. ಈಗ ಯಂತ್ರದ ಮಾನವೂ ಅವರ ಮಾನವೂ ಒಂದೇ ಆಗಿಹೋಗಿತ್ತು. ಅವರು ಕೆಳಗಿಳಿದು, ಮೇಲೆ ಕೆಲಸ ನಡೆಯುವಾಗ ಬೀದಿಯಲ್ಲಿ ಮೆತ್ತಗೆ ನಡೆಯಬೇಕೆಂದು ಮನೆಮನೆಗೂ ಹೇಳಿ ಬಂದರು. ಯಾಕೆಂದು ಕ್ಷೌರದಂಗಡಿಯವನು ಕೇಳಿದಾಗ, ಆ ಯಂತ್ರ ತಲೆಗೂದಲಿಗೆ ಉದ್ದಕ್ಕೂ ತೂತು ಕೊರೆಯುತ್ತದೆ ಎಂದರು. ಔಷಧಿ ಅಂಗಡಿಗೆ ಹೋಗುವಷ್ಟರಲ್ಲಿ ಆ ಕೂದಲು ಹೃದಯದೊಳಗೆ ಕೂರಿಸುವ ಯಾವುದೋ ಸಣ್ಣ ಭಾಗವಾಗಿತ್ತು. ಹೃದಯ ಎಂದ ಮೇಲೆ ಯಾರು ತಾನೆ ಎದುರಾಡುತ್ತಾರೆ? ತರಕಾರಿಯವಳು ತನ್ನ ಗಾಡಿಯ ಚಕ್ರಕ್ಕೆ ಹಳೆಯ ಗೋಣಿ ಸುತ್ತಿದಳು. ಎದುರುಮನೆಯ ಅಜ್ಜ ಊರುಗೋಲಿನ ತುದಿಗೆ ಹತ್ತಿ ಕಟ್ಟಿಕೊಂಡು, ಕೋಲು ಜಾರಿ, ಕೂತಲ್ಲೇ ಕೂತು ಯಾರದೋ ಹೃದಯಕ್ಕೆ ಆಶೀರ್ವಾದ ಮಾಡಿದರು. ಮನೆಯೊಳಗೆ ಹೆಂಡತಿ ಮೆಣಸು ಕುಟ್ಟುವುದಕ್ಕೂ ತಡೆ ಬಂತು. ಹಾಗಾದರೆ ತೂತು ಬಿದ್ದ ಮೇಲೆಯೇ ಊಟಕ್ಕೂ ಬನ್ನಿ ಎಂದು ಅವರು ಕುಟ್ಟಾಣಿಯನ್ನು ಗಂಡನ ಮುಂದಿಟ್ಟು ಹೋದರು.

ಬೀದಿ ಇಷ್ಟು ಸಹಕರಿಸಿದರೂ ತೂತು ಬೀಳಲಿಲ್ಲ. ಅದಕ್ಕೇನಪ್ಪ ಮೇಜಿನ ಕಾಲಿಗೆ ರಟ್ಟು ಕೊಟ್ಟರು, ಯಂತ್ರದ ಮುಖವನ್ನು ಕಿಟಕಿಯ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿದರು, ದೇವರಿಗೆ ಕೈಮುಗಿದು ಹಿಡಿ ಒತ್ತಿದರು. ಅಣ್ಣನ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕ ಮೊನೆಗಳೆಲ್ಲ ಒಂದೊಂದಾಗಿ ಕಾದು ನೀಲಿಯಾದವು. ತೀರ ಸಣ್ಣವನ್ನು ಮುಟ್ಟಲು ಮಾತ್ರ ಅವರಿಗೆ ಧೈರ್ಯವಾಗಿರಲಿಲ್ಲ. ಬೆಲ್ಟನ್ನು ಮಾತ್ರ ಅವರು ಅನುಮಾನಿಸಲಿಲ್ಲ. ಇಡೀ ಯಂತ್ರದಲ್ಲಿ ಅದೊಂದೇ ಸರಿಯಾಗಿದೆ ಎಂಬುದು ಅವರಿಗೆ ಖಂಡಿತವಾಗಿ ಗೊತ್ತಿತ್ತು.

ಪ್ರತಿ ಸಂಜೆ ಅತ್ತಿಗೆ ಬಾಗಿಲಲ್ಲಿ ನಿಂತು ತಮ್ಮ ಕನ್ನಡಕವನ್ನು ಕೇಳುತ್ತಿದ್ದರು. ಒಂದು ಸಂಜೆ ಅದಕ್ಕೇನಪ್ಪ ಬಾಯಿತಪ್ಪಿ "ನಾಳೆ, ಅತ್ತಿಗೆ" ಎಂದರು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಅತ್ತಿಗೆ ಯಂತ್ರದ ಕಡೆ ಕಿವಿಗೊಟ್ಟು ನಿಂತರು.

"ಶಬ್ದ ಬೇರೆ ಕಣೋ. ಅವರ ಕೈಯಲ್ಲಿ ಇದು ಹೀಗೆ ಕೆಮ್ಮುತ್ತಿರಲಿಲ್ಲ. ಪಾಪ, ಇದಕ್ಕೆ ಇಲ್ಲಿ ಒಗ್ಗಿಲ್ಲ. ಬೆಳಿಗ್ಗೆ ಗಾಡಿ ತರೋಕೆ ಲೇತ್ ಅಂಗಡಿಯವನಿಗೆ ಹೇಳಿಬಿಟ್ಟಿದ್ದೀನಿ."

ಬೆಳಿಗ್ಗೆ ಗಾಡಿಗಿಂತ ಮೊದಲು ಪುರಸಭೆಯ ಇನ್‌ಸ್ಪೆಕ್ಟರು ಬಂದರು. ದಪ್ಪನೆಯ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ಕುರ್ಚಿಯಲ್ಲಿ ಕೂತು, ಬೀಗಮುದ್ರೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅವರ ಹಿಂದೆಯೇ ಏಜೆಂಟರು ನಾಮಫಲಕದೊಂದಿಗೆ ಬಂದು ನಿಂತರು. ಮೆಟ್ಟಿಲ ಮೇಲೆ ಬೀದಿಯ ಅರ್ಧ ಜನ, ಕಾಲಿನ ಸದ್ದಾಗದಂತೆ.

ಯಾರಾದರೂ ದೂರು ಕೊಟ್ಟಿದ್ದಾರೆಯೇ ಎಂದು ಅದಕ್ಕೇನಪ್ಪನವರ ಹೆಂಡತಿ ಕೇಳಿದರು.

"ದೂರು ಬಂದಿಲ್ಲಮ್ಮ, ಹೊಗಳಿಕೆ ಬಂದಿದೆ," ಎಂದರು ಇನ್‌ಸ್ಪೆಕ್ಟರು. "ದೂರಿದ್ದರೆ ನಿಧಾನವಾಗಿ ಬರ್ತೀವಿ. ಹೊಗಳಿಕೆ ಬಂದ ಕಡೆ ಬೇಗ ಬರಬೇಕಾಗುತ್ತೆ." ಆಮೇಲೆ ಅವರು ಕಾನೂನನ್ನು ವಿವರಿಸಿದರು. ವಾಸದ ಮನೆಯಲ್ಲಿ ಕೈಗಾರಿಕೆ ಕೂಡದು. ಆ ಯಂತ್ರ ತೂತು ಕೊರೆಯುವುದಾದರೆ ಕೈಗಾರಿಕೆ. ಈಗಲೇ ಬೀಗಮುದ್ರೆ ಹಾಕಿ ಹೋಗಬೇಕು. ಕೊರೆಯದಿದ್ದರೆ ಅದು ಕುರ್ಚಿ ಮೇಜಿನಂತೆ ಒಂದು ಪೀಠೋಪಕರಣ, ತಮಗೆ ಸಂಬಂಧವಿಲ್ಲ.

ಅದಕ್ಕೇನಪ್ಪನವರ ಮನಸ್ಸು ಹಗುರವಾಯಿತು. ಇದು ತೂತು ಕೊರೆಯುವುದಿಲ್ಲ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಯಾರು? ಆದರೆ ತಲೆ ಎತ್ತಿದರೆ ಎದುರಿಗೆ ಅತ್ತಿಗೆ, ಕೈಯಲ್ಲಿ ದಾರ ಕಟ್ಟಿದ ಕನ್ನಡಕ. ಕೊರೆಯುತ್ತದೆ ಎಂದರೆ ಬೀಗಮುದ್ರೆ, ಕೊರೆಯುವುದಿಲ್ಲ ಎಂದರೆ ತಳ್ಳುಗಾಡಿ. ಒಂದೇ ಬಾಯಲ್ಲಿ, ಒಂದೇ ಗಳಿಗೆಯಲ್ಲಿ, ಇಬ್ಬರಿಗೆ ಎರಡು ಉತ್ತರ ಕೊಡಬೇಕಾಗಿ ಬಂದ ಮನುಷ್ಯನ ಅವಸ್ಥೆಯನ್ನು ಏನೆಂದು ಹೇಳೋಣ.

"ಹೇಳಿ, ಇದು ತೂತು ಕೊರೆಯುತ್ತಾ?" ಎಂದರು ಇನ್‌ಸ್ಪೆಕ್ಟರು.

ಅದಕ್ಕೇನಪ್ಪ ಬಾಯಿ ತೆರೆದರು. ಇಡೀ ಬೀದಿ ಒಂದು ಮಾತಿಗಾಗಿ ಕಾಯಿತು. ಜೀವಮಾನದಲ್ಲಿ ಮೊದಲ ಸಲ ಆ ಮಾತು ಬರಲಿಲ್ಲ.

ಅವರು ಇನ್‌ಸ್ಪೆಕ್ಟರ ಕಡೆ ನೋಡದೆ ಅತ್ತಿಗೆಯ ಕಡೆ ತಿರುಗಿದರು. "ಇಲ್ಲ ಅತ್ತಿಗೆ. ತಂದ ದಿನದಿಂದ ಒಂದು ತೂತೂ ಬಿದ್ದಿಲ್ಲ. ನನಗೆ ಬರೋಲ್ಲ. ಅಣ್ಣನ ಮಷೀನು ಗಾಡಿ ಮೇಲೆ ಹೋಗೋದನ್ನ ನೋಡೋಕಾಗದೆ ಬರುತ್ತೆ ಅಂದುಬಿಟ್ಟೆ."

ಅತ್ತಿಗೆ ಕನ್ನಡಕದ ದಾರವನ್ನು ಬೆರಳಿಗೆ ಸುತ್ತುತ್ತ ನಿಂತರು.

"ಪೀಠೋಪಕರಣ," ಎಂದು ಇನ್‌ಸ್ಪೆಕ್ಟರು ಸಮಾಧಾನದಿಂದ ತೀರ್ಪು ಕೊಟ್ಟು, ಪೆಟ್ಟಿಗೆಯ ಎರಡು ಕೊಂಡಿಗಳನ್ನೂ ಹಾಕಿದರು.

ಇದನ್ನು ತಾಳಲಾರದೆ ಹೋದವರು ಏಜೆಂಟರು. ಕೂದಲು, ಹೃದಯ, ಗೋಣಿ ಸುತ್ತಿದ ಚಕ್ರ ಎಲ್ಲವೂ ಮೆಟ್ಟಿಲ ಮೇಲೆ ನಿಂತು ಅವರನ್ನೇ ನೋಡುತ್ತಿದ್ದವು. "ಕೊರೆಯುತ್ತೆ ಸಾರ್, ಯಾಕೆ ಕೊರೆಯಲ್ಲ, ನನ್ನ ಬೋರ್ಡಲ್ಲಿ ಆಗಲೇ ಶುರುವಾಗಿದೆ," ಎನ್ನುತ್ತ ಮುನ್ನುಗ್ಗಿ, ಫಲಕವನ್ನು ಮೊನೆಯ ಕೆಳಗಿಟ್ಟು, ಗುಂಡಿ ಒತ್ತಿ, ಹಿಡಿಗೆ ಜೋತುಬಿದ್ದರು. ಯಂತ್ರ ಚಟಚಟ ಎಂದು ಕೆಮ್ಮಿತು. ಗಾಲಿಯಿಂದ ಬೆಲ್ಟು ಹಾರಿ ಇನ್‌ಸ್ಪೆಕ್ಟರ ಪೆಟ್ಟಿಗೆಯ ಮೇಲೆ ಬಿತ್ತು.

ಅತ್ತಿಗೆ ಮೋಟಾರು ನಿಲ್ಲಿಸಿ ಅದನ್ನು ಎತ್ತಿಕೊಂಡರು. ಅಂಗಡಿಯಲ್ಲಿ ಬೆಲ್ಟು ಜಾರಿದಾಗ ಅಣ್ಣನ ಎರಡು ಕೈಯೂ ಕನ್ನಡಕ ಹಿಡಿದಿರುತ್ತಿದ್ದವು. ತೊಡಿಸುವುದು ಯಾವಾಗಲೂ ಅತ್ತಿಗೆಯೇ. ಅವರು ಈಗಲೂ ಏನನ್ನೂ ಯೋಚಿಸಲಿಲ್ಲ. ಕಣ್ಣು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ತಾನು ಬೆಲ್ಟನ್ನು ಒಂದು ಗಾಲಿಗೆ ಹಾಕಿ, ನೇರವಾಗಿ ಇನ್ನೊಂದಕ್ಕೆ ಹಾಕಿ, ಜೋಲುತ್ತಿದ್ದುದನ್ನು ಕಂಡು ಮೋಟಾರಿನ ತಿರುಪು ಸಡಿಲಿಸಿ, ಮೋಟಾರನ್ನೇ ಚೂರು ಹಿಂದಕ್ಕೆ ಸರಿಸಿ ಬಿಗಿಮಾಡಿತು. ಅದಕ್ಕೇನಪ್ಪ ಅಡ್ಡ ದಾಟದ ಬೆಲ್ಟನ್ನು ನೋಡಿದರು. ತಮ್ಮ ಬೆರಳುಗಳನ್ನು ನೋಡಿಕೊಂಡರು. ನೀಲಿಯಾದ ಮೊನೆಯನ್ನು ತೆಗೆದು, ಅಣ್ಣನ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಹೊಸತೊಂದನ್ನು ಹಾಕಿ ಗುಂಡಿ ಒತ್ತಿದರು.

ಈಗ ಕೆಮ್ಮಿರಲಿಲ್ಲ. ಜೇನುಗೂಡಿನ ಹತ್ತಿರ ನಿಂತಾಗ ಕೇಳುವಂಥ ಒಂದು ತಗ್ಗಿದ ಸ್ವರ ಕೋಣೆಯನ್ನು ತುಂಬಿತು. ಅತ್ತಿಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅದಕ್ಕೇನಪ್ಪ ಹಿಡಿಯನ್ನು ಒಂದು ಬೆರಳಿನಿಂದ ಇಳಿಸಿದರು. ಹೊಂಬಣ್ಣದ ಪುಡಿ ಎದ್ದಿತು. ಮೊನೆ ಫಲಕವನ್ನು ದಾಟಿ, ಅಡಿಯ ಮರದ ತುಂಡಿಗೆ ಇಳಿದು ನಿಂತಿತು.

"ಆಚೆ ಕಡೆ ಬಂತು," ಎಂದರು ಏಜೆಂಟರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಆ ಸುದ್ದಿ ಪಿಸುಮಾತಿನಲ್ಲಿ ಕೆಳಗಿಳಿಯಿತು.

ಎಲ್ಲರ ಕಣ್ಣೂ ಇನ್‌ಸ್ಪೆಕ್ಟರ ಮೇಲೆ ನೆಟ್ಟಿತು. ಅವರು ಕೊಂಡಿ ಹಾಕಿದ ಪೆಟ್ಟಿಗೆಯನ್ನು ನೋಡಿದರು, ಗೋಡೆಗೆ ಒರಗಿದ ಅತ್ತಿಗೆಯನ್ನು ನೋಡಿದರು. ಆಮೇಲೆ ತಮ್ಮ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಫಲಕದ ಮೇಲೆ ಮೂಗು ತಾಗುವಷ್ಟು ಬಾಗಿದರು.

"ನನಗೇನೂ ಕಾಣಿಸ್ತಿಲ್ಲ."

"ಇಲ್ಲೇ ಸಾರ್, ಮೂಲೇಲಿ. ಕಡ್ಡಿ ತೂರಿಸಿ ನೋಡಿ," ಎಂದು ಏಜೆಂಟರು ನೆರವಿಗೆ ಬಂದರು. ಅದಕ್ಕೇನಪ್ಪನವರ ಹೆಂಡತಿ ಫಲಕವನ್ನು ಅವರ ಕೈಗೆ ಕೊಟ್ಟು, ತೋಳು ಹಿಡಿದು, ಬಾಗಿಲ ಆಚೆ ನಿಲ್ಲಿಸಿ ಬಂದರು.

ಹೊರಡುವಾಗ ಇನ್‌ಸ್ಪೆಕ್ಟರು ಅತ್ತಿಗೆಯ ಮುಂದೆ ನಿಂತು ಕನ್ನಡಕವನ್ನು ಮತ್ತೆ ಹೊರತೆಗೆದರು. ಅದರ ಕಾಲನ್ನು ತಾಮ್ರದ ತಂತಿಯಲ್ಲಿ ಬಿಗಿದುಕೊಂಡಿದ್ದರು. "ನಿಮ್ಮ ಯಜಮಾನರಿದ್ದಾಗ ಇದನ್ನ ಅವರೇ ನೋಡ್ಕೋತಿದ್ರು ತಾಯಿ. ಆಮೇಲೆ ಎಲ್ಲಿಗೂ ಕೊಟ್ಟಿಲ್ಲ." ಮೆಟ್ಟಿಲಿಳಿಯುತ್ತ ತಿರುಗಿ ಅದಕ್ಕೇನಪ್ಪನವರಿಗೆ ಒಂದು ಅಧಿಕೃತ ಸೂಚನೆಯನ್ನೂ ಕೊಟ್ಟರು: ಪೀಠೋಪಕರಣದ ಶಬ್ದ ಬೀದಿಗೆ ಕೇಳಬಾರದು, ಕಿಟಕಿ ಮುಚ್ಚಿಕೊಳ್ಳಿ.

ಕಿಟಕಿ ಮುಚ್ಚಿದರು. ಅತ್ತಿಗೆ ತಮ್ಮ ಕನ್ನಡಕದ ದಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅಣ್ಣ ಮೇಣದ ಮುದ್ದೆಗೆ ಚುಚ್ಚಿಟ್ಟಿದ್ದ ಕೂದಲೆಳೆಯಂಥ ಮೊನೆಯನ್ನು ಆರಿಸಿ ಕೊಟ್ಟರು.

"ಆಗುತ್ತೇನೋ?" ಎಂದು ಕೇಳಿದರು.

"ಗೊತ್ತಿಲ್ಲ ಅತ್ತಿಗೆ. ನೀವು ಹಿಡ್ಕೊಳ್ಳಿ, ನೋಡೋಣ," ಎಂದರು ಅದಕ್ಕೇನಪ್ಪ.

ಅತ್ತಿಗೆ ಕೀಲನ್ನು ಕಬ್ಬಿಣದ ಇಕ್ಕಳದಲ್ಲಿ ಬಿಗಿದು ಹಿಡಿದರು. ಅದಕ್ಕೇನಪ್ಪ ಉಸಿರು ಹಿಡಿದು ಹಿಡಿ ಇಳಿಸಿದರು. ಮುರಿದ ಸ್ಕ್ರೂ ಪುಡಿಯಾಗಿ ಬಂತು. ಅದರ ಜೊತೆಗೆ ಕೀಲಿನ ಒಂದು ಅಂಚೂ ಚೂರು ಬಂತು. ಮೊನೆ ಒಂದು ಎಳೆಯಷ್ಟು ಆಚೆ ಸರಿದಿತ್ತು. ಹೊಸ ಸ್ಕ್ರೂ ಕೂತಿತು, ಕಾಲು ನಿಂತಿತು, ಆದರೆ ಸೊಟ್ಟಗೆ ನಿಂತಿತು. ಕನ್ನಡಕ ಹಾಕಿಕೊಂಡರೆ ಒಂದು ಗಾಜು ಹುಬ್ಬಿನ ಮೇಲೆ, ಇನ್ನೊಂದು ಕೆನ್ನೆಯ ಹತ್ತಿರ. ಅದಕ್ಕೇನಪ್ಪನವರ ಮುಖ ಇಳಿದುಹೋಯಿತು. ಬಿಚ್ಚಿ ಇನ್ನೊಮ್ಮೆ ನೋಡುತ್ತೇನೆ ಎಂದು ಕೈ ಚಾಚಿದರು.

"ಮುಟ್ಟಬೇಡ," ಎಂದರು ಅತ್ತಿಗೆ. "ಅವರಿದ್ದಿದ್ದರೆ ನಿನಗೆ ಚೆನ್ನಾಗಿ ಬೈದಿರೋರು." ಹಾಗೆಂದು, ಆ ಮನೆಗೆ ಬಂದ ಮೇಲೆ ಮೊದಲ ಸಲ ನಕ್ಕರು. ಪ್ರಾರ್ಥನೆಯ ಪುಸ್ತಕ ತಂದು, ಕತ್ತನ್ನು ಸ್ವಲ್ಪ ಓರೆ ಮಾಡಿ, ಎರಡು ಕೈಯಲ್ಲೂ ಹಿಡಿದು, ತಾವೇ ಹಾಳೆ ತಿರುವಿ ಓದತೊಡಗಿದರು. ಪಕ್ಕದಲ್ಲಿ ಅದಕ್ಕೇನಪ್ಪ, ಏಜೆಂಟರು ಮತ್ತೆ ತಂದಿಟ್ಟ ಫಲಕದ ಉಳಿದ ಮೂಲೆಗಳಿಗೆ ಕೈ ಹಾಕಿದರು. ಒಳಗೆ ಹೆಂಡತಿ ಮೆಣಸು ಕುಟ್ಟತೊಡಗಿದರು.

ಆಗ ಕೆಳಗೆ ತಳ್ಳುಗಾಡಿ ಬಂದು ನಿಂತಿತು. ಲೇತ್ ಅಂಗಡಿಯವನು ಮೆಟ್ಟಿಲ ಬುಡದಿಂದಲೇ, ಮಷೀನು ಒಯ್ಯಲು ಬಂದಿದ್ದೇನೆ, ಮೇಲೆ ಬರಲೇ ಎಂದು ಕೂಗಿ ಕೇಳಿದನು.

ಅತ್ತಿಗೆ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಕೆಲಸ ನಡೀತಿದೆ," ಎಂದರು, "ಸ್ವಲ್ಪ ಕೂತ್ಕೊಳ್ಳಿ."